ಮೋಟುಗಲ್ಲಿನ ಒಲೆ

"ಕಾಲೆತ್ರಿ ಮೇಡಂ! ಇಡಬ್ಯಾಡ್ರಿ!"

ರೇವತಿ ಬೆಚ್ಚಿ ಒಂಟಿಕಾಲಲ್ಲಿ ನಿಂತುಬಿಟ್ಟಳು. ಹಾವೇ ಇರಬೇಕು...

ಅಗೆಯುವ ಕೆಲಸಕ್ಕೆ ಅವತ್ತೇ ಸೇರಿದ್ದ ಆಳು ಮೊಣಕಾಲೂರಿ, ಅವಳ ಬೂಟಿನ ಕೆಳಗಿಂದ ಏನನ್ನೋ ಎತ್ತಿ ಅಂಗೈಯಲ್ಲಿ ಹಿಡಿದ. ಉಗುರಿನಷ್ಟೇ ಇರುವ ಬೆಣಚುಕಲ್ಲಿನ ಚಕ್ಕೆ!

"ಬೆಳಗಿಂದ ಇಂಥದ್ದನ್ನೇ ಹುಡುಕಾಕತ್ತೀರಿ. ಸಿಕ್ಕಾಗ ತುಳಿಯಾಕ ಹೊಂಟ್ರಿ."

"ನಾನಿನ್ನೂ ಒಂದೇ ಕಾಲಲ್ಲಿದ್ದೀನಿ. ಇಳಿಸ್ಲಾ?"

"ಇಳಸ್ರಿ. ಕೊಕ್ಕರೆ ಆಗೀರಿ."

ಅವನ ಹೆಸರು ಭೀಮಾಶಂಕರ. ಸುರಪುರದ ಕಡೆಯವನು, ದೊಡ್ಡನೆಕ್ಕುಂದಿಯಲ್ಲಿ ಕಟ್ಟಡ ಕೂಲಿಗಳ ತಗಡಿನ ಶೆಡ್ಡುಗಳಲ್ಲಿ ವಾಸ.

ಕೆ.ಆರ್. ಪುರಂ ಆಚೆಯ ಆ ಬತ್ತಿದ ಕೆರೆ ಇನ್ನೊಂದು ವರ್ಷದಲ್ಲಿ ಲೇಔಟ್ ಆಗಲಿತ್ತು. ಅಷ್ಟರೊಳಗೆ ರೇವತಿ ತನ್ನ ಪುರಾತತ್ವ ಪ್ರಬಂಧಕ್ಕಾಗಿ ಒಂದು ಮಾತು ಸಾಬೀತು ಮಾಡಬೇಕಿತ್ತು. ಶಿಲಾಯುಗದ ಜನ ನೀರಿರುವಾಗ ಇಲ್ಲಿ ಬಂದು ಬಿಡಾರ ಹೂಡಿ, ಕಲ್ಲು ಕೆತ್ತಿ, ಬೇಯಿಸಿಕೊಂಡು ತಿಂದು, ನೀರು ಆರಿದಾಗ ಎದ್ದು ಹೋಗುತ್ತಿದ್ದರು ಎಂಬುದು. ಅಂಥವರು ಗೋಡೆ ಕಟ್ಟುವುದಿಲ್ಲ. ಉಳಿಯುವುದು ಚಕ್ಕೆ, ಬೂದಿ, ಅಷ್ಟೇ. ಚಕ್ಕೆ ಸಿಕ್ಕಿದ್ದವು. ಬೂದಿ ಸಿಕ್ಕಿರಲಿಲ್ಲ.

ಮೂರು ತಿಂಗಳು ಇಬ್ಬರೂ ಒಂದೇ ಗುಂಡಿಯಲ್ಲಿ ಕೂತು ಮಣ್ಣು ಕೆರೆದರು. ಅವನ ಡಬ್ಬಿಯ ಜೋಳದ ರೊಟ್ಟಿ ಅವಳಿಗೆ, ಜೀವನ್ ಬಿಮಾ ನಗರದ ಅವಳ ಮನೆಯ ಪುಳಿಯೋಗರೆ ಅವನಿಗೆ. ಯಾರೂ ಏನೂ ಹೇಳಿರಲಿಲ್ಲ. ಆದರೂ ಭಾನುವಾರ ಬಂದರೆ ಅವಳಿಗೆ ಬೇಸರವಾಗುತ್ತಿತ್ತು.

"ಶೆಡ್ ಬಿಟ್ಟು ಹೋಗುವಾಗ ಏನು ಬಿಟ್ಟು ಹೋಗ್ತೀರಿ?" ಒಮ್ಮೆ ಊಟದ ಹೊತ್ತಲ್ಲಿ ಕೇಳಿದಳು, ನೋಟ್‌ಬುಕ್ ಹಿಡಿದು.

"ಒಲಿ. ತಿರುಗಿ ಬರೂದಿಲ್ಲಂದ್ರ ಒಂದು ಕಲ್ಲು ಬೋರಲು ಹಾಕ್ತೀವಿ. ಬರ್ತೀವಂದ್ರ ಹಂಗ ಬಿಡ್ತೀವಿ."

ಅವಳು ಬರೆದುಕೊಂಡಳು.

ಮರುವಾರ ತೂಬಿನ ಪಕ್ಕ, ಎರಡಡಿ ಹೂಳಿನ ಕೆಳಗೆ ಒಲೆ ಸಿಕ್ಕಿತು! ಮೂರು ಕಲ್ಲು, ನಡುವೆ ಇದ್ದಿಲು, ಸುತ್ತ ಚಕ್ಕೆಗಳು. ಮೂರನೆಯ ಕಲ್ಲು ಮೋಟು. ಅದರ ಕೆಳಗೆ ಯಾರೋ ಚಪ್ಪಟೆ ಕಲ್ಲೊಂದನ್ನು ಕೊಟ್ಟು ಎತ್ತರ ಸರಿಮಾಡಿದ್ದರು.

ರೇವತಿ ತಕ್ಷಣ ಫೋನ್ ಮಾಡಿದಳು. ಅವಳ ಗುರು ಮಧುಕರ್ ಸರ್ ಕಾರು ಹಿಡಿದು ಬಂದರು, ಫೋಟೋ ತೆಗೆದರು. ಒಲೆಯನ್ನು ನಡುವೆ ಕತ್ತರಿಸಿ ಕಾಲ ಪರೀಕ್ಷೆಗೆ ಇದ್ದಿಲು ತೆಗೆಯಬೇಕು ಅನ್ನುವಾಗ ಭೀಮಾಶಂಕರ ಮುಂದೆ ಬಂದ.

"ಕತ್ತರಿಸಬ್ಯಾಡ್ರಿ. ಅದು ನಮ್ಮವ್ವ ಹೂಡಿದ ಒಲಿ."



"ಏನಪ್ಪಾ, ನಿಮ್ಮವ್ವ ಶಿಲಾಯುಗದೋರಾ?" ಅಂದರು ಮಧುಕರ್.

ಗುಂಡಿಯ ಸುತ್ತ ನಿಂತಿದ್ದವರೆಲ್ಲ ನಕ್ಕರು. ರೇವತಿಯೂ ನಕ್ಕಳು.

ಭೀಮಾಶಂಕರ ಅವಳೊಬ್ಬಳನ್ನೇ ನೋಡಿದ. ಆಮೇಲೆ ಅವಳು ಕತ್ತರಿಸುವಾಗ ಚೀಲ ಹಿಡಿದುಕೊಂಡು ನಿಂತ. ಸಂಜೆ ಸನಿಕೆ ತೊಳೆದಿಟ್ಟು ಹೋದವನು ಮತ್ತೆ ಬರಲಿಲ್ಲ. ಫೋನ್ ಸ್ವಿಚ್ ಆಫ್.

'ಸಿಟ್ಟು ಇಳಿದ ಮೇಲೆ ಬರ್ತಾನೆ...' ಅಂದುಕೊಂಡಳು. ಕೆಲಸ ಮುಗಿಯಿತು, ಗುಂಡಿ ಮುಚ್ಚಿದರು. ಅವನು ಬರಲಿಲ್ಲ.

ನಾಲ್ಕು ತಿಂಗಳಿಗೆ ಇದ್ದಿಲಿನ ಕಾಲ ಪರೀಕ್ಷೆಯ ವರದಿ ಬಂತು. ಮೂವತ್ತು ವರ್ಷವೂ ಆಗಿಲ್ಲದ ಇದ್ದಿಲು! ಚಕ್ಕೆಗಳು ಮಾತ್ರ ಹಳೆಯವು.

"ಒಲೆ ಸಾಮಾನೆಲ್ಲ ಕಸ ಹಾಗಾದ್ರೆ. ಬಿಸಾಕಿ ರೇವತಿ, ಸ್ಟೋರ್‌ನಲ್ಲಿ ಜಾಗ ಇಲ್ಲ," ಅಂದರು ಮಧುಕರ್.

ಅವಳಿಗೆ ಪ್ರಬಂಧ ನೆನಪಾಗಲಿಲ್ಲ. ತಾನು ನಕ್ಕದ್ದು ನೆನಪಾಯಿತು. ಆ ಚಪ್ಪಟೆ ಕಲ್ಲಿನ ಚೀಲವನ್ನು ಎದೆಗೊತ್ತಿಕೊಂಡು ಸೀದಾ ದೊಡ್ಡನೆಕ್ಕುಂದಿಗೆ ಆಟೋ ಹತ್ತಿದಳು.

ಅಲ್ಲಿ ಶೆಡ್ಡುಗಳೇ ಇರಲಿಲ್ಲ.

"ಕಟ್ಟಡ ಮುಗೀತವ್ವ. ಎಲ್ರೂ ಹೊಸಕೋಟಿ ಕಡಿ ಹೋದ್ರು," ಅಂದಳು ರಸ್ತೆಬದಿಯ ಚಹಾದಂಗಡಿಯ ಪೀರಮ್ಮ. "ಯಾವ ಸೈಟೋ ಗೊತ್ತಿಲ್ಲ. ಸೋಮವಾರ ಇಲ್ಲಿ ಜೆಸಿಬಿ ಬರ್ತದಂತ."

ಖಾಲಿ ನೆಲದ ತುಂಬ ಒಲೆಗಳು. ರೇವತಿ ಒಂದೊಂದರ ಮುಂದೆಯೂ ಮೊಣಕಾಲೂರಿದಳು. ಎಲ್ಲದರಲ್ಲೂ ಒಂದು ಕಲ್ಲು ಬೋರಲು. ಬೋರಲು... ಬೋರಲು...

ಕೊನೆಯ ಸಾಲಿಗೆ ಬಂದಳು. ಮೋಟುಗಲ್ಲು! ಅದರ ಕೆಳಗೆ ಯಾರದೋ ಬಚ್ಚಲಿನ ಬಿಳಿ ಟೈಲ್ಸ್ ಚೂರು. ಮೂರೂ ಕಲ್ಲು ನೆಟ್ಟಗಿದ್ದವು.

'ಬರ್ತಾನೆ!'

ಶುಕ್ರವಾರ ಕೂತಳು. ಶನಿವಾರ ಕೂತಳು. ಭಾನುವಾರ ಮಧ್ಯಾಹ್ನ, ಅಳುವುದಕ್ಕೂ ಶಕ್ತಿಯಿಲ್ಲದೆ ಬೂದಿ ನೋಡುತ್ತಿದ್ದಾಗ ಹಿಂದಿನಿಂದ ಮಾತು ಕೇಳಿಸಿತು.

"ಇಲ್ಲೂ ಅಗೀತೀರೇನ್ರಿ ಮೇಡಂ?"

ಬಡವಾಗಿದ್ದ. ಅವಳು ಎದ್ದು, ಚೀಲ ಚಾಚಿದಳು.

"ನೀವು ಹೇಳಿದ್ದು ನಿಜ. ಅದು ನಿಮ್ಮವ್ವನ ಒಲೆ."

"ನನಗ ಗೊತ್ತಿತ್ತಲ್ಲ. ಕಾಗದ ಬೇಕಾಗಿದ್ದು ನಿಮಗ."

"ಭೀಮಾ... ನಾನು ನಕ್ಕಿದ್ದು..."

"ಬ್ಯಾರೆಯವರು ನಕ್ಕಿದ್ದು ನೆನಪಿಲ್ಲ. ನಿಮ್ಮದು ಅದ."

ಅವನು ಚೀಲ ಬಿಚ್ಚಿ ಕಲ್ಲನ್ನು ಹೆಬ್ಬೆರಳಿನಿಂದ ಸವರಿದ.

"ಆಗ ಆರು ವರ್ಷ ನನಗ. ಬತ್ತಿದ ಕೆರಿಯಾಗ ನಮ್ಮ ಶೆಡ್ಡಿತ್ತು. ಅವ್ವಗ ಜ್ವರ ಬಂದು ಅಪ್ಪ ಆಟೋದಾಗ ಕರ್ಕೊಂಡು ಹೋದ. ಒಲಿ ಹಂಗ ಇರ್ಲಿ, ಸಂಜೀಕ ಬಂದು ರೊಟ್ಟಿ ಬಡೀತೀನಿ ಅಂದಿದ್ಲು... ಬರಲಿಲ್ಲ. ಮುಂದಿನ ಮಳೆಗಾಲಕ್ಕ ಕೆರಿ ತುಂಬಿ ಒಲಿ ಮುಳುಗ್ತು. ಅವ್ವನ ಫೋಟೋ ಒಂದೂ ಇಲ್ರಿ ನನ್ನ ಹತ್ರ."

"ಅದನ್ನ ನಾನೇ ಕತ್ತರಿಸಿಬಿಟ್ಟೆ!" ರೇವತಿ ಮುಖ ಮುಚ್ಚಿಕೊಂಡಳು.

"ಚೀಲ ಹಿಡಿದಾಂವ ನಾನು."

ಬಹಳ ಹೊತ್ತು ಇಬ್ಬರೂ ಅತ್ತರು, ಒಬ್ಬರನ್ನೊಬ್ಬರು ಮುಟ್ಟದೆ.

ಕೊನೆಗೆ ಅವಳು ಕೇಳಿದಳು. "ಎಲ್ರೂ ಕಲ್ಲು ಬೋರಲು ಹಾಕಿ ಹೋಗಿದ್ದಾರೆ. ನೀವ್ಯಾಕೆ ಹಾಗೇ ಬಿಟ್ರಿ?"

ಅವನು ನೆಲ ನೋಡುತ್ತ ಹೇಳಿದ. "ನೀವು ಬಂದ್ರ ಗುರ್ತು ಸಿಗಲಿ ಅಂತ. ಪುಸ್ತಕದಾಗ ಬರ್ಕೊಂಡಿದ್ರಲ್ಲ... ನಾಳೆ ಜೆಸಿಬಿ ಬರ್ತದ, ಕಡೀಕ ಇವತ್ತೊಮ್ಮೆ ನೋಡೂಣು ಅಂತ ಬಂದೆ."



ಅವನು ಬಾಗಿ ಟೈಲ್ಸ್ ಚೂರು ಎಳೆದುಕೊಂಡ. ಮೋಟುಗಲ್ಲನ್ನು ಮೆಲ್ಲಗೆ ಬೋರಲು ಹಾಕಿದ. ಮಸಿ ಹತ್ತಿದ ಚೂರನ್ನು ಅಂಗಿಗೆ ಒರೆಸಿ ಅವಳ ಅಂಗೈಯಲ್ಲಿಟ್ಟ.

"ಅವ್ವಂದು ನನ್ನ ಹತ್ರ ಇರ್ಲಿ. ಇದು ಮುಂದಿನ ಒಲಿಗೆ ಬೇಕಾಗ್ತದ. ಇಟ್ಕೋ."

ಇಟ್ಕೋ! ಮೇಡಂ ಇಲ್ಲ, ರೀ ಇಲ್ಲ.

"ನಂಗೆ ಒಲೆ ಹೂಡೋಕೆ ಬರಲ್ಲ ಭೀಮಾ."

"ಕೆಡವಾಕ ಚಂದ ಬರ್ತದ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಬಂದ ನಗುವಿಗೆ ತಾನೇ ಹೆದರಿ ಬಾಯಿ ಮುಚ್ಚಿಕೊಂಡಳು.

ಭೀಮಾಶಂಕರ ಅವಳ ಕೈಯನ್ನು ಬಾಯಿಯಿಂದ ಮೆತ್ತಗೆ ಇಳಿಸಿದ.

"ನಗು ರೇವತಿ. ಈಗ ನಕ್ಕರ ನಡೀತದ."