ಬೋರ್ಡಿಗೆ ಅಡ್ಡ ಬಂದ ಮರ

ದಂತವೈದ್ಯರಿಗೆ ಮರಗಳ ಮೇಲೆ ದ್ವೇಷವೇನೂ ಇರಲಿಲ್ಲ. ಈ ಒಂದರ ಮೇಲೆ ಮಾತ್ರ ಸಿಟ್ಟು. ರಸ್ತೆ ಅಗಲ ಮಾಡುವ ನೆಪದಲ್ಲಿ ಎಲ್ಲೋ ಇದ್ದ ಮುದಿಮರವನ್ನು ಬೇರುಸಮೇತ ಎಬ್ಬಿಸಿ ತಂದು, ಕ್ಲಿನಿಕ್ಕಿನ ಎದುರಿನ ಹೊಸ ಪಾರ್ಕಿನಲ್ಲಿ, ಸರಿಯಾಗಿ ಅವರ ಬೋರ್ಡಿಗೆ ಅಡ್ಡಲಾಗಿ ನೆಟ್ಟಿದ್ದರು. ‘ನಾವು ತುಂಬಿದ ಹಲ್ಲು ಎಂಥ ಬೆಳಕಿನಲ್ಲೂ ನಿಜವಾದ ಹಲ್ಲಿನಂತೆ ಹೊಳೆಯುತ್ತದೆ’ ಎಂಬ ಆ ಬೋರ್ಡನ್ನು ಈಗ ಓದುವವು ಕಾಗೆಗಳು ಮಾತ್ರ. ದವಡೆ ಹಿಡಿದುಕೊಂಡು ಬಂದವರು ಮುಂದಿನ ತಿರುವಿನ ಇನ್ನೊಬ್ಬ ವೈದ್ಯನ ಪಾಲಾಗುತ್ತಿದ್ದರು. ಹೀಗೇ ಆದರೆ ಕ್ಲಿನಿಕ್ಕಿಗೆ ಬೀಗ ಹಾಕಬೇಕಾದೀತು.

ಇಷ್ಟು ವಯಸ್ಸಾದ ಮರ ಜಾಗ ಬದಲಿಸಿದರೆ ಬದುಕುವುದು ಕಷ್ಟ ಎಂದು, ಹಲ್ಲು ತುಂಬಿಸಿಕೊಳ್ಳಲು ಬಂದ ಪಾರ್ಕಿನ ಮೇಲ್ವಿಚಾರಕನೇ ಬಾಯಿಬಿಟ್ಟ. ವೈದ್ಯರ ಕಿವಿ ನೆಟ್ಟಗಾಯಿತು. ಹೇಗೂ ಸಾಯಬಹುದಾದದ್ದು ಸತ್ತರೆ ಅದನ್ನು ಯಾರು ತಾನೇ ಕೊಲೆ ಎಂದಾರು?

ಮೊದಲು ಮರ ಉಳಿಸುವ ಸಮಿತಿ ಸೇರಿದರು. ಭಾಷಣ ಬಿಗಿದು ಕಣ್ಣೊರೆಸಿಕೊಂಡರು. ಕಾಂಡಕ್ಕೆ ಸುತ್ತಿದ ಗೋಣಿಯನ್ನು ದಿನಾ ನೆನೆಸುವ ಸೇವೆಯನ್ನೂ ತಾವೇ ಹೊತ್ತುಕೊಂಡರು. ಒಂದು ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋದಾಗ ಗೋಣಿ ಸಡಿಲಿಸಿ, ಕಾಂಡಕ್ಕೆ ಸಾಲಾಗಿ ತೂತು ಕೊರೆದು ಕಳೆನಾಶಕ ಸುರಿದರು. ತೂತು ಮುಚ್ಚಲು ಮಣ್ಣು ಮೆತ್ತಿದರೆ ನೀರಿಗೆ ಕರಗೀತು. ಅಲ್ಲದೆ ಅರ್ಧಂಬರ್ಧ ಕೆಲಸ ಅವರ ಜಾಯಮಾನಕ್ಕೆ ಒಗ್ಗದು. ಹೊಗೆಸೊಪ್ಪು ಜಗಿಯುವವರ ಹಲ್ಲಿಗೆಂದು ಇಟ್ಟಿದ್ದ ಕಂದು ಫಿಲ್ಲಿಂಗನ್ನೇ ತುಂಬಿ, ನೀಲಿ ದೀಪ ಹಿಡಿದು ಗಟ್ಟಿಮಾಡಿ, ಉಜ್ಜಿ ನಯಗೊಳಿಸಿದರು. ತೊಗಟೆ ಯಾವುದು, ಫಿಲ್ಲಿಂಗ್ ಯಾವುದು ಎಂದು ಅವರಿಗೇ ತಿಳಿಯಲಿಲ್ಲ. ಸ್ವಲ್ಪ ಹೊತ್ತು ಏನೂ ಅಗಿಯಬೇಡಿ ಎಂದು ಅಭ್ಯಾಸಬಲದಿಂದ ಮರಕ್ಕೂ ಹೇಳಿದರು.

ಎಲೆ ಉದುರತೊಡಗಿತು. ಜನ ಮರ ಸಾಗಿಸಿದವರನ್ನು ಬೈದರು. ವೈದ್ಯರು ಎಲ್ಲರಿಗಿಂತ ಜೋರಾಗಿ ಬೈದರು.

ಪಾರ್ಕಿನ ಉದ್ಘಾಟನೆಯ ಸಂಜೆ ಗೋಣಿ ಬಿಚ್ಚಿದರು. ಮೇಲ್ವಿಚಾರಕ ಕಾಂಡವನ್ನು ಸವರಿ ನೋಡಿ, ಏನೂ ಹೊಳೆಯದೆ ನಿಟ್ಟುಸಿರಿಟ್ಟ. ವೈದ್ಯರಿಗೆ ಹಾಯೆನಿಸಿತು. ದೀಪಾಲಂಕಾರದ ಕೆಲಸವನ್ನು ಅವರೇ ಶಿಫಾರಸು ಮಾಡಿ ಹೆಂಡತಿಯ ತಮ್ಮನಿಗೆ ಕೊಡಿಸಿದ್ದರು.

“ಭಾವ, ಮಾಮೂಲಿ ಲೈಟ್ ಯಾಕೆ ಅಂತ ಡ್ಯಾನ್ಸ್ ಹಾಲಿನ ನೇರಳೆ ಲೈಟ್ ತಂದಿದೀನಿ. ಮರಕ್ಕೇ ನೇರ ಬಿಡ್ತೀನಿ, ನೋಡ್ತಾ ಇರಿ,” ಎಂದು ಅವನು ಗುಂಡಿ ಒತ್ತಿದ.

ಆ ಬೆಳಕಿಗೆ ನೆರೆದವರ ಹಲ್ಲುಗಳೆಲ್ಲ ಫಳಫಳ ಹೊಳೆದವು. ಕಾಂಡದ ಮೇಲೂ ಒಂದು ಸಾಲು ಹೊಳೆಯಿತು. ನಗುತ್ತಿದ್ದ ಜನ ಒಬ್ಬೊಬ್ಬರಾಗಿ ಬಾಯಿ ಮುಚ್ಚಿದರು. ಮರ ಮಾತ್ರ ಹಲ್ಲು ಕಿರಿಯುತ್ತಲೇ ಇತ್ತು. ಮೇಲ್ವಿಚಾರಕ ತನ್ನ ದವಡೆ ಸವರಿಕೊಂಡು ತಲೆಯೆತ್ತಿದ. ಎಲೆ ಉದುರಿದ ಕೊಂಬೆಗಳ ನಡುವೆ ಎದುರಿನ ಬೋರ್ಡು ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ಅವನು ಅದನ್ನು ಎಲ್ಲರಿಗೂ ಕೇಳುವಂತೆ ಓದಿದ.