ಕೊನೆಯ ಅಧ್ಯಾಯ ಮಾತ್ರ ಓದಿದವಳು

ದೀಪಿಕಾಳ ಸೀಟಿನಲ್ಲಿ ಇನ್ನೊಬ್ಬಳು ಕೂತಿದ್ದಳು!

ಮುರ್ಡೇಶ್ವರದಲ್ಲಿ ಬೆಳಗಿನ ರೈಲು ಹತ್ತಿದವಳು ಬೋಗಿಯ ನಡುವೆಯೇ ನಿಂತುಬಿಟ್ಟಳು. ತೆಂಗಿನಗುಂಡಿಯ ಜಗದೀಶ ಭಟ್ಕಳದಲ್ಲೇ ಹತ್ತುತ್ತಾನೆ. ಕಿಟಕಿ ಪಕ್ಕದ ಸೀಟಿಗೆ ಕರ್ಚೀಫು ಹಾಸಿ ಅವಳಿಗಾಗಿ ಹಿಡಿದಿಡುತ್ತಾನೆ. ದಿನಾ ಕುಮಟಾಕ್ಕೆ ಕೆಲಸಕ್ಕೆ ಹೋಗಿಬರುವವರಲ್ಲಿ ಕರ್ಚೀಫು ಬಿದ್ದ ಸೀಟಿಗೆ ಯಾರೂ ಕೈ ಹಾಕುವುದಿಲ್ಲ. ಇವತ್ತು ಆ ಕರ್ಚೀಫು ಮಾಲಿನಿ ಮೇಡಂ ಕೈಯಲ್ಲಿತ್ತು!

ಮಾಲಿನಿ ಕುಮಟಾದ ಕಾಲೇಜಿನಲ್ಲಿ ಪಾಠ ಮಾಡುವವಳು. ತೊಡೆಯ ಮೇಲೆ ಇಟ್ಟಿಗೆಯಷ್ಟು ದಪ್ಪದ ಕಾದಂಬರಿ. ಮಂತ್ರ, ಮಾಯೆ, ಹಾರುವ ಕುದುರೆಗಳ ಕಥೆ. ಜಗದೀಶ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ.

"ಆ ಮಾಟಗಾತಿ ರಾಣಿಯ ಪಾತ್ರ... ಅದ್ಭುತ!" ಅಂದ.

ಅದ್ಭುತವಂತೆ!

ದೀಪಿಕಾಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಹೋದ ವಾರ ಅವಳೂ ಜಗದೀಶನೂ ಕುಮಟಾದಲ್ಲಿ ಸಿನಿಮಾ ನೋಡಿದ್ದರು. ನಾಯಕಿ ಬಂದರಿನಲ್ಲಿ ಒಬ್ಬಳೇ ಉಳಿದಾಗ ಇವಳು ಅತ್ತು ಅತ್ತು ಮೂಗು ಕೆಂಪಾಗಿತ್ತು. ಹೊರಗೆ ಬಂದು "ಹ್ಯಾಂಗಿತ್ತು?" ಅಂದರೆ ಈ ಮಹಾರಾಯ ಹೇಳಿದ್ದು "ಅಡ್ಡಿಲ್ಲ" ಅಂತ! ನನ್ನ ಜೊತೆ ನೋಡಿದ ಸಿನಿಮಾಕ್ಕೆ ಒಂದು ಪದ, ಅವಳು ಕೊಟ್ಟ ಪುಸ್ತಕಕ್ಕೆ ಭಾಷಣವಾ?

ಅದೂ ಇವತ್ತು! ಭಾನುವಾರ ಹೊನ್ನಾವರದಿಂದ ಗಂಡಿನ ಕಡೆಯವರು ಬರುತ್ತಾರಂತೆ. ಬರಲೋ ಬೇಡವೋ ಎಂದು ಸಂಜೆಯೊಳಗೆ ಅಮ್ಮನಿಗೆ ಹೇಳಬೇಕು. ಜಗದೀಶನ ಮನಸ್ಸು ತಿಳಿಯಲೆಂದೇ ಅವಳು ಓಡೋಡಿ ಬಂದಿದ್ದಳು. ತಿಳಿಯಿತಲ್ಲ... ಚೆನ್ನಾಗಿ ತಿಳಿಯಿತು!

"ಬಾ ಬಾ, ಕೂತ್ಕ" ಎಂದು ಜಗದೀಶ ಗಡಬಡಿಸಿ ಸರಿದ.

"ನಿಲ್ಲೂಕೆ ಕಾಲಿದೆ ನಂಗೆ. ಅದ್ಯಾವ ಅದ್ಭುತ ರಾಣಿ? ನಾನೂ ಓದಿದ್ದೇನೆ ಆ ಪುಸ್ತಕ!"

ನಿಜಕ್ಕೂ ಓದಿದ್ದಳೇ? ಅವನ ಕೈಯಲ್ಲಿ ಅದನ್ನು ಕಂಡ ದಿನವೇ ಕೊಂಡು ತಂದಿದ್ದಳು. ಆದರೆ ಓದಿದ್ದು ಕೊನೆಯ ಅಧ್ಯಾಯ ಮಾತ್ರ. ರಾಜಕುಮಾರ ಕೊನೆಗೆ ಯಾರ ಪಾಲಾದ ಎಂದು ತಿಳಿಯದೆ ಅವಳಿಗೆ ಅನ್ನ ಇಳಿದಿರಲಿಲ್ಲ!

"ಎಂತ ಹೆಂಗಸು ಅವಳು! ರಾಜಕುಮಾರ ಬಂದು ತಬ್ಬಿಕೊಂಡ ಕೂಡಲೇ ಕರಗಿಹೋದಳು. ನಾಚಿಕೆ ಇಲ್ಲದವಳು! ಬೇರೆಯವರ ಸೊತ್ತಿಗೆ ಕಣ್ಣು ಹಾಕುವವರೆಲ್ಲ ಹಾಗೇ!"

ಮಾಲಿನಿ ಕಣ್ಣರಳಿಸಿದಳು. "ಅಯ್ಯೋ ದೀಪಿಕಾ... ರಾಣಿ ಅವನ ಅಜ್ಜಿ! ಮಂತ್ರದಿಂದ ವಯಸ್ಸಾಗದೇ ಉಳಿದವಳು."



"ಅಜ್ಜಿಯಾ?!" ಎಂದು ಕೂಗಿದ್ದು ಜಗದೀಶ!

ಮಾಲಿನಿ ನಿಧಾನವಾಗಿ ಅವನತ್ತ ತಿರುಗಿದಳು. "ಮೊದಲ ಪುಟದಲ್ಲೇ ಇದೆಯಲ್ಲೋ! ಒಂದು ಪುಟವನ್ನೂ ಓದಿಲ್ವಾ ನೀನು?"

"ಓದೂಕೆ ಕೂತ್ರೆ ನಿದ್ರೆ ಬತ್ತದೆ ಮೇಡಂ..."

"ಮತ್ತೆ ಅದ್ಭುತ ಅಂದಿದ್ದು?" ದೀಪಿಕಾ ಸೊಂಟಕ್ಕೆ ಕೈ ಕೊಟ್ಟಳು.

"ನಾನೇ ಬಾಯಿಪಾಠ ಮಾಡಿಸಿದ್ದು" ಎಂದು ಮಾಲಿನಿ ನಗು ತಡೆಯಲಾರದೆ ಹೇಳಿದಳು. "ಸಿನಿಮಾ ನೋಡಿ ಬಂದ ಮೇಲೆ ನೀನು ಇವನಿಗೆ ಕಲ್ಲು ಅಂದ್ಯಂತೆ, ಕಥೆ ಬಗ್ಗೆ ಎರಡು ಮಾತಾಡೂಕೆ ಬರೂದಿಲ್ಲ ಅಂದ್ಯಂತೆ. ಅಭಿಪ್ರಾಯ ಹೇಳೂಕೆ ಕಲಿಸಿ ಮೇಡಂ ಅಂತ ನನ್ನ ಬೆನ್ನು ಬಿದ್ದಿದ್ದಾನೆ. ನೀನು ಹತ್ತುವುದರೊಳಗೆ ಪಾಠ ಮುಗೀಬೇಕಂತೆ!"

ಅವಳು ಎದ್ದು ಕರ್ಚೀಫನ್ನು ದೀಪಿಕಾಳ ಕೈಗೆ ತುರುಕಿ, ಎದುರಿನ ಸೀಟಿಗೆ ಹೋಗಿ ಕೂತಳು.

ದೀಪಿಕಾ ಕಿಟಕಿಯ ಪಕ್ಕ ಕುಸಿದಳು. ನಾಚಿಕೆ, ಸಿಟ್ಟು, ಮತ್ತೊಂದೇನೋ... ಕಣ್ಣು ತುಂಬಿ ಬಂತು.

"ಸಿನಿಮಾ ಬಗ್ಗೆ ನಿಜ ಹೇಳು. ನಿಂಗೆ ಎಂತ ಅನಿಸ್ತು?"

ಜಗದೀಶ ತಲೆ ತಗ್ಗಿಸಿದ. "ಪರದೆ ಯಾರು ನೋಡಿದ್ರು? ನೀನು ಅಳ್ತಾ ಇದ್ದೆ. ನಾನು ನಿನ್ನನ್ನೇ ನೋಡ್ತಾ ಇದ್ದೆ."

ರೈಲು ಶರಾವತಿ ಸೇತುವೆಯ ಮೇಲೆ ಧಡಧಡಿಸಿತು. ಸದ್ದು ನಿಂತ ಕೂಡಲೇ ದೀಪಿಕಾ ಕರ್ಚೀಫನ್ನು ಮಡಚಿ ಅವನ ಕೈಗಿಟ್ಟಳು.

"ಭಾನುವಾರ ಹೊನ್ನಾವರದವರು ನನ್ನ ನೋಡೂಕೆ ಬತ್ರು. ಸಂಜೆ ಅಮ್ಮಂಗೆ ಉತ್ತರ ಹೇಳ್ಬೇಕು. ಇದರ ಬಗ್ಗೆ ನಿನ್ನ ಅಭಿಪ್ರಾಯ ಎಂತ?"

ಜಗದೀಶ ಗಾಬರಿಯಿಂದ ಮಾಲಿನಿಯತ್ತ ನೋಡಿದ.

"ನನ್ನ ನೋಡ್ಬೇಡ! ಇದನ್ನ ನಾನು ಹೇಳಿಕೊಡೂದಿಲ್ಲ" ಎಂದು ಅವಳು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡಳು.

"ಬೇಡ." ಜಗದೀಶ ದೀಪಿಕಾಳತ್ತ ತಿರುಗಿದ. "ಅವ್ರು ಬರೂದೇ ಬೇಡ. ಯಾರೋ ಬಂದು ನಿನ್ನ ಎದುರು ಕೂತು ಅವಲಕ್ಕಿ ತಿಂತಾನೆ ಅಂದ್ರೇ ನಂಗೆ ಹೊಟ್ಟೆ ಉರಿತದೆ! ಸಂಜೆ ನಾನು ಭಟ್ಕಳಕ್ಕೆ ಹೋಗೂದಿಲ್ಲ. ನಿನ್ನ ಒಟ್ಟಿಗೆ ಮುರ್ಡೇಶ್ವರದಲ್ಲೇ ಇಳಿತೆ."

ದೀಪಿಕಾಳಿಗೆ ಅಳು, ನಗು ಎರಡೂ ಒಟ್ಟಿಗೇ ಬಂದವು. ಅವನಿಗೂ ಹೊಟ್ಟೆಕಿಚ್ಚು! ಇದಕ್ಕಿಂತ ಸಿಹಿ ಮಾತು ಅವಳು ಯಾವತ್ತೂ ಕೇಳಿರಲಿಲ್ಲ.

"ಇಳಿದು... ಅಮ್ಮನ ಹತ್ರ ನೀನು ಎಂತ ಹೇಳ್ತಿ?"

"ನಿಮ್ಮ ಮಗಳು ನಂಗೆ ಬೇಕು ಅಂತ ಹೇಳ್ತೆ."

"ಅಷ್ಟೇಯಾ?"

"ಅಷ್ಟೇ ಬರೂದು ನಂಗೆ. ಸಾಕಾಗೂದಿಲ್ವಾ?"

ಅವಳು ಅವನ ಹಣೆಯ ಮೇಲೆ ಬಿದ್ದ ಕೂದಲನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದಳು.

"ಸಾಕು ಮಾರಾಯ... ಅಷ್ಟು ಹೇಳು ಸಾಕು. ಉಳಿದದ್ದು ನಾನು ಹೇಳ್ತೆ."