ಎರಡನೇ ಗುಂಡಿಯ ನಾತ

"ಡಾಕ್ಟ್ರಮ್ಮ, ನನ್ನ ಹುಲ್ಲನ್ನ ಯಾರೋ ಬೇಕಂತಲೇ ಹಾಳು ಮಾಡಿದಾರೆ. ಈಗ್ಲೇ ಬನ್ನಿ!"

ಹೈನುಮನೆಯ ಸೊಸೆ ಬಾಗಿಲಲ್ಲಿ ನಿಂತು ಇಷ್ಟು ಹೇಳುವಷ್ಟರಲ್ಲಿ ಡಾಕ್ಟ್ರಮ್ಮನ ಗಂಡ ಸಾರಥಿಗಳು ಕಾರಿನ ಕೀಲಿ ಹಿಡಿದಾಗಿತ್ತು. ನಿವೃತ್ತ ಪಶುವೈದ್ಯೆಯಾದ ಹೆಂಡತಿಯನ್ನು ಹೋದಲ್ಲಿಗೆಲ್ಲ ಕರೆದೊಯ್ಯುತ್ತಿದ್ದುದರಿಂದ ಜನ ಅವರಿಗೆ ಇಟ್ಟ ಹೆಸರು ಅದು. ಹೆಂಡತಿಯ ಬುದ್ಧಿಗೆ ಬೀಗುವ ಗಂಡಂದಿರಲ್ಲಿ ಅವರದೇ ಮೊದಲ ಸ್ಥಾನ.

ಆ ಮನೆಯಲ್ಲಿ ಬೇಸಿಗೆಯ ಮೇವಿಗೆಂದು ಗುಂಡಿಗೆ ತುಂಬಿ ಮುಚ್ಚಿಟ್ಟ ಹಸಿ ಹುಲ್ಲು ಪ್ರತಿ ವರ್ಷ ಕೊಳೆಯುತ್ತಿತ್ತು. ಈ ಸಲ ಸೊಸೆ ಹಠ ಹಿಡಿದು ಉಸ್ತುವಾರಿ ವಹಿಸಿಕೊಂಡು, ಒಂದು ಪುಡಿ ತರಿಸಿದ್ದಳು. ಅದರಲ್ಲಿದ್ದ ಕಿಣ್ವ ಹುಲ್ಲಿನ ನಾರನ್ನು ಸಕ್ಕರೆಯಾಗಿ ಒಡೆದರೆ, ಬ್ಯಾಕ್ಟೀರಿಯಾ ಆ ಸಕ್ಕರೆ ತಿಂದು ಹುಲ್ಲನ್ನು ಹದವಾಗಿ ಹುಳಿಯಾಗಿಸುತ್ತದೆ. ಎರಡು ತಿಂಗಳ ಹಿಂದೆ ಪುಡಿಯನ್ನು ಡ್ರಮ್ಮಿನ ನೀರಲ್ಲಿ ಕಲಸಿ, ಹುಲ್ಲಿಗೆ ಸಿಂಪಡಿಸಿ, ಒಂದೇ ದಿನ ಎರಡು ಗುಂಡಿ ತುಂಬಿದ್ದಳು. ಇಂದು ತೆರೆದರೆ ಒಂದು ಘಮಘಮ, ಇನ್ನೊಂದಕ್ಕೆ ಹಸುಗಳು ಮೂತಿಯನ್ನೂ ಇಡಲಿಲ್ಲ.

"ಅತ್ತಿಗೆ ತಂದ ಪುಡೀನೇ ಡೂಪ್ಲಿಕೇಟು. ಉಸ್ತುವಾರಿ ನನಗೆ ಬಿಡಿ," ಎಂದು ಮೈದುನ ಗುಡುಗಿದ. ಸಂಜೆಯೊಳಗೆ ತೀರ್ಮಾನ ಹೇಳುವುದಾಗಿ ಅತ್ತೆ ಮುಖ ಗಂಟಿಕ್ಕಿದ್ದರು.

ಡಾಕ್ಟ್ರಮ್ಮ ಎರಡೂ ಗುಂಡಿಯ ಹುಲ್ಲನ್ನು ಹಿಂಡಿ ಮೂಸಿದರು. ಮುಚ್ಚಿದ್ದ ಹಾಳೆ ಎಲ್ಲೂ ಹರಿದಿರಲಿಲ್ಲ.

"ಪುಡಿ ಹಾಕಿದ್ದು ಯಾರಮ್ಮ?"

"ಎರಡು ಸಲಾನೂ ನಾನೇ. ಒಂದೇ ಪೊಟ್ಟಣ, ಅರ್ಧರ್ಧ. ಅವತ್ತು ಮೊದಲನೇದು ಮುಗಿಸಿ ಊಟ ಮಾಡಿ ಬಂದೆ. ಡ್ರಮ್ಮಲ್ಲಿ ನೀರು ತುಂಬಿತ್ತು, ಪುಡಿ ಸುರಿದೆ."

"ನೀರು ತುಂಬಿದ್ದು ನೀನಾ?" ಡಾಕ್ಟ್ರಮ್ಮ ಮೈದುನನ ಕಡೆ ತಿರುಗಿದರು.

"ನಾನು ಅದರ ಹತ್ರಾನೂ ಹೋಗಿಲ್ಲ!"

ಅತ್ತೆಯನ್ನು ಹುಡುಕಿಕೊಂಡು ಹೋದಾಗ ಅವರು ಹಾಲಿನ ಕೋಣೆಯಲ್ಲಿದ್ದರು. ಕಂಠದವರೆಗೆ ನೀರು ತುಂಬಿದ ಕ್ಯಾನುಗಳ ಸಾಲು ನೋಡಲು ಬಗ್ಗಿದ ಸಾರಥಿಗಳಿಗೆ ಕಣ್ಣುರಿ ಬಂತು. ಅತ್ತೆ ಎದೆಯುಬ್ಬಿಸಿ, "ಬ್ಲೀಚಿಂಗ್ ಪೌಡರ್ ನೀರಲ್ಲಿ ನೆನೆಹಾಕ್ತೀನಿ. ನಮ್ಮನೆ ಹಾಲು ಒಡೆದಿದ್ದನ್ನ ಯಾರೂ ನೋಡಿಲ್ಲ," ಎಂದರು.

ಡಾಕ್ಟ್ರಮ್ಮನ ಹುಬ್ಬು ಮೇಲೇರಿತು. ಸರಿ, ಕಳ್ಳ ಸಿಕ್ಕಿಬಿದ್ದ ಎಂದು ಸಾರಥಿಗಳು ಒಳಗೊಳಗೇ ಹಿಗ್ಗಿದರು. ಕಳ್ಳ ಯಾರೆಂದು ಮಾತ್ರ ಅವರಿಗೆ ತಿಳಿದಿರಲಿಲ್ಲ.

ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಡಾಕ್ಟ್ರಮ್ಮ ಮಾತು ತೆಗೆದರು. "ಪುಡಿ ಡೂಪ್ಲಿಕೇಟ್ ಆಗಿದ್ರೆ ಎರಡೂ ಗುಂಡಿ ಕೆಡ್ಬೇಕಿತ್ತು. ಹಾಳೆ ಹರಿದಿಲ್ಲ, ಗಾಳಿ ಹೋಗಿಲ್ಲ. ಎರಡನೇದರಲ್ಲಿ ಇರೋದು ಪ್ರತಿ ವರ್ಷದ ಅದೇ ನಾತ. ಅಂದ್ರೆ ಪುಡಿ ಹಾಕಿಯೂ ಹಾಕದಂಗೆ ಆಯ್ತು. ಅದರಲ್ಲಿದ್ದ ಜೀವ ಡ್ರಮ್ಮಲ್ಲೇ ಸತ್ತಿದೆ. ಈ ಮನೇಲಿ ಪಾತ್ರೆಗೆ ಕ್ರಿಮಿ ಕೊಲ್ಲೋ ನೀರು ತುಂಬಿ ನೆನೆಹಾಕೋರು ಒಬ್ಬರೇ."

ಎಲ್ಲರ ಕಣ್ಣೂ ಅತ್ತೆಯ ಮೇಲೆ ಬಿತ್ತು.

"ಡ್ರಮ್ಮು ಜಿಗಟು ಜಿಗಟಾಗಿತ್ತು," ಅತ್ತೆಯ ದನಿ ಇಳಿಯಿತು. "ಹಾಗೇ ಬಿಡೋಕೆ ಮನಸ್ಸು ಬರ್ಲಿಲ್ಲ, ಬ್ಲೀಚಿಂಗ್ ನೀರು ತುಂಬಿಟ್ಟೆ. ಅವತ್ತು ಸಂಜೆ ತೊಳೆಯೋಕೆ ಹೋದ್ರೆ ಖಾಲಿಯಾಗಿತ್ತು. ಯಾರೋ ಚೆಲ್ಲಿರ್ಬೇಕು ಅಂದ್ಕೊಂಡೆ."

"ನನಗೋಸ್ಕರ ತುಂಬಿಟ್ಟಿದಾರೆ ಅಂದ್ಕೊಂಡೆ ಅತ್ತೆ. ನೆಗಡಿ ಆಗಿತ್ತು, ವಾಸನೇನೂ ಗೊತ್ತಾಗ್ಲಿಲ್ಲ," ಎಂದಳು ಸೊಸೆ. ಬೆಳಗಿನಿಂದ ತಡೆದಿದ್ದ ಅಳು ಆಗ ಬಂತು.

ಮೈದುನ ಮೆಲ್ಲಗೆ ಜಾಗ ಖಾಲಿ ಮಾಡಲು ನೋಡಿದ.

"ನಿಂತ್ಕೊಳ್ಳೋ! ಇನ್ಮೇಲೆ ಹುಲ್ಲಿನ ವಿಷಯದಲ್ಲಿ ಅತ್ತಿಗೆ ಹೇಳಿದ್ದೇ ಮಾತು. ನಿನಗೂ ಅಷ್ಟೇ, ನನಗೂ ಅಷ್ಟೇ," ಎಂದರು ಅತ್ತೆ. ಆಮೇಲೆ ಮೊದಲ ಗುಂಡಿಗೆ ತಾವೇ ನಡೆದು, ಹೊಂಬಣ್ಣದ ಹುಲ್ಲನ್ನು ಬೊಗಸೆ ತುಂಬ ತಂದು ಡಾಕ್ಟ್ರಮ್ಮನ ಮುಖದ ಮುಂದೆ ಹಿಡಿದರು.

"ಮೂಸಿ ನೋಡಿ ಡಾಕ್ಟ್ರಮ್ಮ. ನಮ್ಮ ಸೊಸೆ ಮಾಡಿದ್ದು!"

ಆಗಲೇ ಒಮ್ಮೆ ಮೂಸಿದ್ದ ಡಾಕ್ಟ್ರಮ್ಮ, ಇದೇ ಮೊದಲೆಂಬಂತೆ ಕಣ್ಣು ಮುಚ್ಚಿ ಉಸಿರೆಳೆದುಕೊಂಡರು.